ಜ್ವರ ಬಾರದ ಮಗು

ಜುಲೈ ೩, ಸೋಮವಾರ

ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಎದ್ದು ಬಂದುಬಿಡಬೇಕು ಎನ್ನಿಸುವಷ್ಟು ಸಿಟ್ಟು ಬಂದಿತ್ತು. ಮಡಿಲಲ್ಲಿ ಪುಟ್ಟಿ ಇದ್ದಳು, ಅವರು ಬಚಾವಾದರು. ಮನೆಯಲ್ಲಿ ಬಾಯಿ ಬಿಟ್ಟರೆ ದೊಡ್ಡ ರಂಪವಾಗುತ್ತದೆ. ಅದಕ್ಕೇ ಹೊಲಿಗೆ ಅಂಗಡಿಯಲ್ಲಿ, ಊಟದ ಹೊತ್ತಿನಲ್ಲಿ, ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ. ಓದಿದರೆ ಅವರ ಹಣೆಬರಹ.

ಪುಟ್ಟಿಗೆ ಈಗ ಏಳು ತಿಂಗಳು. ಅಷ್ಟರಲ್ಲೇ ಮೂರು ಸಲ ಮಲೇರಿಯಾ ಆಯಿತು. ಅದೇ ತಿಂಗಳು ಹುಟ್ಟಿದ ಗುಂಡಮ್ಮನಿಗೆ ಒಮ್ಮೆಯೂ ಇಲ್ಲ. ಗುಂಡಮ್ಮ ಎಂದರೆ ಇವರ, ಅಂದರೆ ನನ್ನ ಗಂಡನ, ತಮ್ಮನ ಮಗಳು, ದುಂಡಗಿದ್ದಾಳೆಂದು ಅತ್ತೆ ಇಟ್ಟ ಹೆಸರು. ಒಂದೇ ಮನೆ, ಒಂದೇ ಚರಂಡಿಯ ಪಕ್ಕದ ಕಿಟಕಿ, ಅದೇ ಸೊಳ್ಳೆ. ಗುಂಡಮ್ಮನ ತಾಯಿ, ಅಂದರೆ ನನ್ನ ವಾರಗಿತ್ತಿ, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಓಡಾಡುವ ಠೀವಿ ನೋಡಬೇಕು. ಮನಸ್ಸಿನೊಳಗೆ ನಾನು ಅವಳನ್ನು ಮಹಾರಾಣಿ ಎಂದೇ ಕರೆಯುವುದು. ಅವಳ ಗಂಡ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ನಾನು ಅಂಗಡಿಯಿಂದ ಬರುವ ತನಕ ಎರಡೂ ಮಕ್ಕಳನ್ನು ನೋಡಿಕೊಳ್ಳುವವಳು ಅವಳೇ. ಅದನ್ನು ನೆನೆದರೆ ಇನ್ನೂ ಮೈ ಉರಿಯುತ್ತದೆ. ಬೈಯಲೂ ಆಗದು, ಹೊಗಳಲೂ ಮನಸ್ಸು ಬಾರದು.

ಇಬ್ಬರೂ ಬಸುರಿಯರಾಗಿದ್ದಾಗಲೇ ಆಸ್ಪತ್ರೆಯವರು ನಮ್ಮನ್ನು ಯಾವುದೋ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಹೆರಿಗೆಯ ದಿನ ಮಾಸನ್ನು ಪರೀಕ್ಷೆಗೆ ಕೊಡುತ್ತೀರಾ ಎಂದು ಕೇಳಿದರು. ಹೇಗೂ ಎಸೆಯುವ ವಸ್ತು, ತೆಗೆದುಕೊಂಡು ಹೋಗಿ ಎಂದಿದ್ದೆ. ಅದರ ಫಲ ಇವತ್ತು ಕೈಗೆ ಬಂತು.

ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೋಡಿ ಅಮ್ಮ, ರೋಗದ ಕ್ರಿಮಿ ಒಳಗೆ ಬಂದಾಗ ನಮ್ಮ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಆ ಸುದ್ದಿ ಒಯ್ಯೋ ವಸ್ತುಗಳಿಗೆ ಸೈಟೊಕೈನ್ ಅಂತೀವಿ. ಕೆಲವು, ಕಳ್ಳ ಬಂದ ಏಳ್ರಪ್ಪ ಅಂತ ಎಬ್ಬಿಸ್ತವೆ. ಜ್ವರ ಬರೋದು ಅವುಗಳಿಂದಾನೇ. ಇನ್ನು ಕೆಲವು, ಸಾಕು ಸುಮ್ಮನಿರಿ ಅಂತ ಮಲಗಿಸ್ತವೆ. ಎರಡೂ ಬೇಕು. ನಾವು ಮಗುವಿನ ರಕ್ತಕ್ಕೆ ಸತ್ತ ಕ್ರಿಮಿಯ ಚೂರು ಹಾಕಿ ಒಂದು ದಿನ ಇಟ್ಟು ನೋಡಿದ್ವಿ. ಗುಂಡಮ್ಮನ ರಕ್ತದಲ್ಲಿ ಎಬ್ಬಿಸೋ ಇಂಟರ್‌ಫೆರಾನ್ ಚೆನ್ನಾಗಿ ಬಂತು. ನಿಮ್ಮ ಮಗುವಿನ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು. ಮಲಗಿಸೋದು ಮಾತ್ರ ಧಾರಾಳವಾಗಿತ್ತು."

ಯಾಕೆ ಎಂದು ಕೇಳಿದೆ. ನನ್ನ ಮಾಸಿನಲ್ಲಿ ಮಲೇರಿಯಾ ಕ್ರಿಮಿ ಅಡಗಿತ್ತಂತೆ. ಹೊಟ್ಟೆಯೊಳಗಿದ್ದ ಮಗುವಿಗೆ ಅದರ ಚೂರುಗಳು ಸಿಕ್ಕಿ, ಇವರು ಮನೆಯವರೇ ಎಂದುಕೊಂಡು, ಸುಮ್ಮನಿರುವುದನ್ನು ಕಲಿತಿರಬೇಕಂತೆ.

"ಅಂದ್ರೆ ನಾನೇ ಕಲಿಸಿದ್ದು" ಎಂದೆ.

"ಹಾಗಲ್ಲಮ್ಮ. ನಮ್ಮ ಊಹೆ ಅಷ್ಟೇ. ಆದ್ರೆ ನಿಮ್ಮ ಮನೆ ಸಿಕ್ಕಿದ್ದು ನಮ್ಮ ಅದೃಷ್ಟ. ಒಂದೇ ಸೂರಿನ ಕೆಳಗೆ ಎರಡು ಮಕ್ಕಳು, ಹೋಲಿಸಿ ನೋಡಬಹುದು."

ಅದೃಷ್ಟ ಅಂತೆ! ನನ್ನ ಮಗು ಸೊರಗುವುದು ಇವರಿಗೆ ಅದೃಷ್ಟ.

ಕೊನೆಗೆ ಇನ್ನೊಂದು ಮಾತು ಹೇಳಿದರು: ಈ ಮಗುವಿಗೆ ಜ್ವರ ಬರುವುದನ್ನು ಕಾಯಬೇಡಿ, ರಕ್ತದಲ್ಲಿ ಕ್ರಿಮಿ ತುಂಬಿದ್ದರೂ ಮೈ ಬಿಸಿಯಾಗದೆ ಇರಬಹುದು, ಎರಡು ವಾರಕ್ಕೊಮ್ಮೆ ಬುಧವಾರ ಮನೆಗೆ ಬರುವ ನರ್ಸ್ ಬೆರಳು ಚುಚ್ಚಿ ನೋಡುವುದೊಂದೇ ದಾರಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಮಹಾರಾಣಿಯ ಮಗುವಿಗೆ ಜ್ವರವಾದರೂ ಬರುತ್ತದೆ, ನನ್ನ ಮಗುವಿಗೆ ಅದಕ್ಕೂ ಗತಿಯಿಲ್ಲ ಎಂದು ಬೇರೆ ಅನ್ನಿಸಿಕೊಳ್ಳಬೇಕೆ?

ಜುಲೈ ೫, ಬುಧವಾರ

ಇವತ್ತು ಬಾಯಿಗೆ ಬಂದಂತೆ ಅಂದುಬಿಟ್ಟೆ. ಪಶ್ಚಾತ್ತಾಪವೇನೂ ಇಲ್ಲ.

ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಸೂಜಿಯಕ್ಕ ಬಂದಳು. ಬುಧವಾರದ ನರ್ಸಿಗೆ ನಾವಿಟ್ಟ ಹೆಸರು ಅದು. ಗುಂಡಮ್ಮನ ಬೆರಳು ಚುಚ್ಚಿದಳು, ಆ ಮಗು ಬೀದಿಗೆಲ್ಲ ಕೇಳುವಂತೆ ಅತ್ತಿತು. ಪುಟ್ಟಿಯ ಬೆರಳು ಚುಚ್ಚಿದಳು, ಸುಮ್ಮನೆ ನೋಡುತ್ತಾ ಕುಳಿತಿತ್ತು. ಅದರ ಬೆರಳ ತುದಿಗಳು ಚುಚ್ಚಿ ಚುಚ್ಚಿ ಕಪ್ಪಾಗಿವೆ. ರಕ್ತ ಹಾಕಿದ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿತು, ಅಂದರೆ ಮಲೇರಿಯಾ. ನಾಲ್ಕನೆಯ ಸಲ.

ಮೈ ತಣ್ಣಗಿದೆ, ಆಡುತ್ತಿದೆ, ಹಾಲು ಕುಡಿಯುತ್ತಿದೆ. ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ಕಣ್ಣೆದುರಿನ ಮಗುವನ್ನು ನಂಬಲೇ, ಕಾಗದದ ಪಟ್ಟಿಯನ್ನು ನಂಬಲೇ? ಮಾತ್ರೆ ಅರೆದು ಕುಡಿಸಿದರೆ ಅರ್ಧ ನನ್ನ ಸೀರೆಗೇ ಬಂತು. ಆಗ ಅತ್ತೆ ಬಾಗಿಲ ಬಳಿಯಿಂದ ಮಾತು ತೆಗೆದರು: "ಬಸುರಿದ್ದಾಗ ಸೊಳ್ಳೆಪರದೆ ಕಟ್ಕೊಂಡು ಮಲಗು ಅಂದ್ರೆ ಸೆಖೆ ಸೆಖೆ ಅಂತಿದ್ದೆ. ಚಿಕ್ಕವಳು ನೋಡು, ಒಂದು ದಿನ ಪರದೆ ಬಿಟ್ಟು ಮಲಗ್ಲಿಲ್ಲ."

ಮಾಸಿನ ವಿಷಯ ನಾನು ನಮ್ಮ ಯಜಮಾನರಿಗೊಬ್ಬರಿಗೇ ಹೇಳಿದ್ದು. ಇವರ ಹೊಟ್ಟೆಯಲ್ಲಿ ಒಂದು ಮಾತು ಒಂದು ಹೊತ್ತು ನಿಲ್ಲುವುದಿಲ್ಲ. ಪಂಪ್ ರಿಪೇರಿ ಮಾಡುತ್ತಾರೆ, ಊರಿನ ಸೋರಿಕೆಯೆಲ್ಲ ನಿಲ್ಲಿಸುತ್ತಾರೆ, ಬಾಯಿಯ ಸೋರಿಕೆ ಮಾತ್ರ ನಿಂತಿಲ್ಲ.

ಅಷ್ಟರಲ್ಲಿ ಮಹಾರಾಣಿ, "ಪಾಪ, ಪುಟ್ಟಿ ಬೆರಳಲ್ಲಿ ಇನ್ನು ಚುಚ್ಚೋಕೆ ಜಾಗಾನೇ ಇಲ್ಲ ಅಕ್ಕ" ಎಂದಳು. ಆ ಪಾಪ ಎನ್ನುವ ಮಾತು ನೆತ್ತಿಗೇರಿತು.

"ನಿನ್ನ ಪಾಪ ನಿನ್ನ ಹತ್ರಾನೇ ಇಟ್ಕೋ" ಎಂದೆ. "ಅಷ್ಟು ಕನಿಕರ ಇದ್ರೆ ನಿನ್ನ ಮಗಳಿಗೇ ಎರಡು ಸಲ ಚುಚ್ಚಿಸು. ಕಲ್ಲಿನ ಹಾಗಿದ್ದಾಳಲ್ಲ, ತಡ್ಕೊಳ್ತಾಳೆ. ಜ್ವರಾನೇ ಇಲ್ದೆ ಮಲೇರಿಯಾ ಎಲ್ಲಿಂದ ಬರುತ್ತೆ? ಇವರ ಪಟ್ಟೀನೇ ಸುಳ್ಳು. ಇನ್ನು ಮೇಲೆ ಬುಧವಾರ ನಾನು ಮನೇಲಿರಲ್ಲ, ನೀವುನೀವೇ ಏನಾದ್ರೂ ಮಾಡ್ಕೊಳ್ಳಿ."

ಮಹಾರಾಣಿ ಗುಂಡಮ್ಮನ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದುತ್ತಾ ಒಳಗೆ ಹೋದಳು. ಅಂದದ್ದೆಲ್ಲ ಸರಿಯಾಗಿಯೇ ಅಂದೆ ಅನ್ನಿಸುತ್ತಿದೆ.

ಜುಲೈ ೧೯, ಬುಧವಾರ

ಇಬ್ಬರಿಗೂ ಒಂದೇ ಗೆರೆ. ಪುಟ್ಟಿಗೆ ಏನೂ ಇಲ್ಲ. ಸಂಜೆ ಮನೆಗೆ ಹೋದಾಗ ಮಹಾರಾಣಿಯೇ ಹೇಳಿದಳು. ಸೂಜಿಯಕ್ಕ ರಜೆಯಂತೆ, ಯಾರೋ ಹೊಸಬಳು ಬಂದಿದ್ದಳಂತೆ. ಹೊಸಬಳ ಕೈಗುಣ ಒಳ್ಳೆಯದು.

ಡಾಕ್ಟರಮ್ಮನಿಗೆ ಈಗ ಏನನ್ನಬೇಕು? ಎಬ್ಬಿಸುವುದಿಲ್ಲ, ಮಲಗಿಸುತ್ತದೆ ಎಂದು ದೊಡ್ಡ ಕಥೆ ಕಟ್ಟಿದರಲ್ಲ.

ಆಗಸ್ಟ್ ೨, ಬುಧವಾರ

ಈ ಸಲವೂ ಒಂದೇ ಗೆರೆ, ಫೋನಿನಲ್ಲಿ ತಿಳಿಯಿತು! ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಕಾಜಾ-ಗುಂಡಿ ಹಾಕುವವಳು, "ನಿನ್ನ ಮುಖ ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತು ಮಾರಾಯ್ತಿ" ಎಂದಳು. ಇವಳಿಗೂ ಒಂದು ಕೊಡೋಣ ಅನ್ನಿಸಿತು, ಬಿಟ್ಟೆ.

ಪುಟ್ಟಿ ಬೆಳ್ಳಗಾಗುತ್ತಿದ್ದಾಳೆ. ಅತ್ತೆಗೆ ಸಂಭ್ರಮವೋ ಸಂಭ್ರಮ. ನಮ್ಮ ಮನೆಯಲ್ಲಿ ಯಾರಿಗೂ ಈ ಬಣ್ಣ ಇರಲಿಲ್ಲ, ನಿನ್ನ ತಾಯಿಯ ಕಡೆಯಿಂದ ಬಂದಿರಬೇಕು ಎನ್ನುತ್ತಾರೆ. ಮೊದಲ ಸಲ ನನ್ನ ತವರಿನ ಬಗ್ಗೆ ಒಂದು ಒಳ್ಳೆಯ ಮಾತು ಆ ಬಾಯಲ್ಲಿ ಬಂತು. ಮಗು ಹಟ ಮಾಡುವುದಿಲ್ಲ, ಇಟ್ಟಲ್ಲಿ ಇರುತ್ತದೆ. ಗುಂಡಮ್ಮನದೋ ದಿನವಿಡೀ ರಂಪಾಟ. ಕೊನೆಗೂ ಒಂದು ವಿಷಯದಲ್ಲಿ ನನ್ನ ಮಗು ಮೇಲು.

ಆಗಸ್ಟ್ ೧೧, ಶುಕ್ರವಾರ

ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲೆ ಬಂದಿದೆ. ಬೆಳಗಿನಿಂದ ಕಾಲರ್ ಕೂರಿಸುವುದೇ ಕೆಲಸ. ಮಾಲೀಕ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಾನೆ. ನಿಂತರೆ ಹೊಲಿಗೆ ಬೇಗ ಆಗುತ್ತದೆಯೇ?

ಪುಟ್ಟಿ ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಹಲ್ಲು ಬರುವ ಕಾಲ ಎಂದರು ಅತ್ತೆ. ಹಣೆ ಮುಟ್ಟಿ ನೋಡಿದೆ, ತಣ್ಣಗಿದೆ.

ಆಗಸ್ಟ್ ೧೪, ಸೋಮವಾರ

ಆಸ್ಪತ್ರೆ. ಅಂಗಡಿಗೆ ಫೋನ್ ಬಂತು, ಪುಟ್ಟಿ ಕತ್ತು ನಿಲ್ಲಿಸುತ್ತಿಲ್ಲ ಎಂದು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಓಡಿದೆ. ಅಂಗೈ ಕಾಗದದಂತೆ ಬಿಳಿ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ ಇನ್ನೊಬ್ಬರ ಮುಖ ನೋಡಿದರು. ಮೈಯಲ್ಲಿ ರಕ್ತವೇ ಇಲ್ಲವಂತೆ. ಇರುವ ರಕ್ತದ ತುಂಬ ಕ್ರಿಮಿ. ಮೈ ತಣ್ಣಗೇ ಇದೆ.

ಅದು ಬಣ್ಣವಲ್ಲ. ಬೆಳ್ಳಗಾಗಿದ್ದಾಳೆ ಎಂದು ನಾವೆಲ್ಲ ನಕ್ಕೆವು.

ಆಗಸ್ಟ್ ೧೬, ಬುಧವಾರ

ಒಂದು ಚೀಲ ರಕ್ತ ಹೋಯಿತು. ಇನ್ನೊಂದು ಹನಿಹನಿಯಾಗಿ ಹೋಗುತ್ತಿದೆ. ತುಟಿಗೆ ಸ್ವಲ್ಪ ಬಣ್ಣ ಬಂದಿದೆ. ಬದುಕುತ್ತಾಳೆಯೇ ಎಂದು ಕೇಳಿದೆ, ನೋಡೋಣ ಎಂದರು. ನೋಡೋಣ ಎಂದರೆ ಏನರ್ಥ, ಆಸ್ಪತ್ರೆ ಇರುವುದು ನೋಡುವುದಕ್ಕೋ?

ಮುಖ್ಯವಾದದ್ದು ಅದಲ್ಲ.

ಡಾಕ್ಟರಮ್ಮ ಬೆಳಿಗ್ಗೆ ಮಂಚದ ಹತ್ತಿರ ಬಂದು ತಮ್ಮಷ್ಟಕ್ಕೇ ಹೇಳಿಕೊಂಡರು: "ಎರಡು ವಾರದ ಹಿಂದೆ ಏನೂ ಇರ್ಲಿಲ್ಲ, ಅದಕ್ಕೂ ಹಿಂದೆ ಇರ್ಲಿಲ್ಲ. ರಕ್ತ ಇಷ್ಟು ಇಳೀಬೇಕಾದ್ರೆ ಬಹಳ ದಿನದಿಂದ ಇರಲೇಬೇಕು. ಇದು ಹೇಗೆ?"

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಮಹಾರಾಣಿ ಡಬ್ಬಿಯನ್ನು ನೆಲಕ್ಕಿಟ್ಟಳು. "ಅದು ಪುಟ್ಟಿ ರಕ್ತ ಅಲ್ಲ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಎರಡು ಬುಧವಾರವೂ ಗುಂಡಮ್ಮನನ್ನೇ ಎರಡು ಸಲ ಕೊಟ್ಟಳಂತೆ. ಮೊದಲು ಎಡಗೈ. ಆಮೇಲೆ ಒಳಗೆ ಹೋಗಿ ಟೋಪಿ ಬದಲಾಯಿಸಿ, ಪುಟ್ಟಿ ಎಂದು ಹೇಳಿ ಬಲಗೈ. ಎರಡು ಸಲವೂ ಬಂದ ಹೊಸ ನರ್ಸಿಗೆ ಎರಡೂ ಮಕ್ಕಳ ಗುರುತಿಲ್ಲ. ಅತ್ತೆ ಸಂತೆಗೆ ಹೋಗಿದ್ದರು.

"ಯಾಕೇ?" ಎಂದೆ.

"ನೀವೇ ಅಂದ್ರಲ್ಲ ಅಕ್ಕ, ನಿನ್ನ ಮಗಳಿಗೇ ಎರಡು ಸಲ ಚುಚ್ಚಿಸು ಅಂತ. ಪುಟ್ಟಿ ಬೆರಳು ನೋಡಿದ್ರೆ ಕರುಳು ಚುರುಕ್ ಅಂತಿತ್ತು. ಜ್ವರಾನೂ ಇರ್ಲಿಲ್ಲ. ಪಟ್ಟೀನೇ ಸುಳ್ಳು ಅಂತಾನೂ ನೀವೇ ಅಂದ್ರಿ. ನನ್ನ ಮಗು ಗಟ್ಟಿ ಇದೆ, ನೋವು ಅದೇ ತಿನ್ಲಿ ಅಂದ್ಕೊಂಡೆ."

ಕೈ ಎತ್ತಿದೆ. ಇವರು ಹಿಡಿದುಕೊಂಡರು. ಹಿಡಿಯದಿದ್ದರೆ ಏನಾಗುತ್ತಿತ್ತೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹೇಳಿ ನಕ್ಕಿದ್ದೇನೆ. ನನ್ನ ಮನೆಯಲ್ಲೇ, ನನ್ನ ಮಗುವಿನ ಜೀವದ ಮೇಲೇ ಅದು ನಡೆಯಬೇಕಿತ್ತೆ? ನಾನು ಸಿಟ್ಟಿನಲ್ಲಿ ಸಾವಿರ ಅನ್ನುತ್ತೇನೆ. ಬಾವಿಗೆ ಬೀಳು ಎಂದರೆ ಬೀಳುತ್ತಾಳೆಯೇ? ಬುದ್ಧಿ ಬೇಡವೇ?

"ಜ್ವರ ಇಲ್ದೇನೂ ರೋಗ ಇರುತ್ತೆ ಅಂತ ನನಗ್ಯಾರೂ ಹೇಳ್ಲಿಲ್ಲ ಅಕ್ಕ" ಎಂದು ಹೋಗುವಾಗ ಅಂದಳು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನನ್ನ ಮುಖವನ್ನು ಯಾಕೆ ನೋಡಬೇಕು?

ಆಗಸ್ಟ್ ೧೭, ಗುರುವಾರ

ಅವಳ ಜೊತೆ ಮಾತಿಲ್ಲ. ಈ ಜನ್ಮದಲ್ಲಿಲ್ಲ.

ಆಗಸ್ಟ್ ೨೪, ಗುರುವಾರ

ಪುಟ್ಟಿಯನ್ನು ಮನೆಗೆ ಕರೆತಂದೆವು. ಎತ್ತಿಕೊಂಡರೆ ಬಟ್ಟೆಯ ಗಂಟಿನಷ್ಟೂ ಭಾರವಿಲ್ಲ.

ಮೊದಲು ಮಾಡಿದ ಕೆಲಸ, ಪರದೆ. ಎಲ್ಲರೂ ಮಲಗುವುದಕ್ಕೆ ನಮ್ಮದು ಒಂದೇ ಉದ್ದನೆಯ ಕೋಣೆ. ಆ ಕಡೆ ಅವರ ಮಂಚ, ಈ ಕಡೆ ನಮ್ಮದು, ನಡುವೆ ಅತ್ತೆಯ ಚಾಪೆ. ಅಂಗಡಿಯಲ್ಲಿ ಉಳಿದ ಸಮವಸ್ತ್ರದ ತುಂಡುಗಳನ್ನೆಲ್ಲ ಸೇರಿಸಿ ಗೋಡೆಯಿಂದ ಗೋಡೆಗೆ ಪರದೆ ಹೊಲಿದು ಕಟ್ಟಿದೆ. ಎರಡೆರಡು ಹೊಲಿಗೆ ಹಾಕಿದ್ದೇನೆ, ಯಾರು ಎಳೆದರೂ ಹರಿಯಬಾರದು.

ಅತ್ತೆ ತಮ್ಮ ಚಾಪೆ ಯಾವ ಕಡೆ ಹಾಕಬೇಕೆಂದು ತಿಳಿಯದೆ ಸುತ್ತಿ ಹಿಡಿದು ನಿಂತಿದ್ದರು. "ಸಿಟ್ಟಲ್ಲಿ ಕುಯ್ದ ಮೂಗು ಆಮೇಲೆ ಬಾ ಅಂದ್ರೆ ಬರಲ್ಲ ಕಣಮ್ಮ" ಎಂದರು.

"ಯಾರ ಮೂಗು ಅತ್ತೆ?" ಎಂದೆ. "ಮಗು ಬೆಳ್ಳಗಾಯ್ತು ಅಂತ ದೃಷ್ಟಿ ತೆಗೆಯೋದೊಂದು ಬಾಕಿ ಇತ್ತು ನಿಮಗೆ."

ಅವರು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ಬೆನ್ನುನೋವಿನವರು, ಅಲ್ಲಿ ನೆಲ ತಣ್ಣಗಿರುತ್ತದೆ. ನಾನೇನು ಅಲ್ಲಿಗೆ ಹೋಗಿ ಎಂದು ಹೇಳಿರಲಿಲ್ಲ.

ಸೆಪ್ಟೆಂಬರ್ ೪, ಸೋಮವಾರ

ಗುಂಡಮ್ಮ ಅಂಬೆಗಾಲಿಡುತ್ತಾಳೆ. ಪರದೆಯ ಕೆಳಗಿನಿಂದ ತಲೆ ತೂರಿಸಿ ಬರುತ್ತಾಳೆ. ಮೊದಲ ದಿನ ಹಾಗೆಯೇ ಹಿಂದಕ್ಕೆ ತಳ್ಳಿದೆ. ಆಟವೆಂದುಕೊಂಡು ನಕ್ಕು ಮತ್ತೆ ಬಂದಳು. ನಾಚಿಕೆಯಿಲ್ಲದ ಮಗು. ಇವತ್ತು ಪುಟ್ಟಿಯ ಪಕ್ಕದಲ್ಲಿ ಮಲಗಿ ಅದರ ಕಿವಿ ಎಳೆಯುತ್ತಿದ್ದಳು. ಪುಟ್ಟಿ ಕೊಂಯ್ ಎಂದಿತು. ಈಚೆಗೆ ಅದು ಮಾಡಿದ ದೊಡ್ಡ ಸದ್ದು ಅದೇ, ಅದಕ್ಕೇ ಎಳೆಯಲಿ ಎಂದು ಬಿಟ್ಟೆ. ಹಾಗೆಂದು ಅವಳ ತಾಯಿಯ ಜೊತೆ ರಾಜಿಯೆಂದು ಯಾರೂ ತಿಳಿಯಬಾರದು.

ಪರದೆಯ ಆಚೆ ಅವಳು ಮೆಲ್ಲಗೆ ಕರೆಯುತ್ತಿದ್ದಳು, "ಬಾರೇ ಇಲ್ಲಿ, ದೊಡ್ಡಮ್ಮ ಬೈತಾರೆ." ದೊಡ್ಡಮ್ಮ ಬೈದರೆ ಮಗುವಿಗೆ ಬೈಯುತ್ತಾಳೆಯೇ? ನನ್ನನ್ನು ಏನೆಂದುಕೊಂಡಿದ್ದಾಳೆ ಇವಳು?

ಸೆಪ್ಟೆಂಬರ್ ೧೩, ಬುಧವಾರ

ಡಾಕ್ಟರಮ್ಮನಿಗೆ ಇವತ್ತು ಚೆನ್ನಾಗಿ ಕೊಟ್ಟೆ. ಜುಲೈಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದು.

"ಇಪ್ಪತ್ತು ವರ್ಷದಿಂದ ಹೊಲೀತಿದೀನಿ ಡಾಕ್ಟರಮ್ಮ, ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಲ್ಲ. ಅಕ್ಕ ತಂಗಿ ಜೊತೇಲಿ ಬಂದ್ರೂ ಬೇರೆಬೇರೆಯಾಗಿ ಅಳೀತೀವಿ. ನೀವು ನನ್ನ ಮಗುವನ್ನ ಅವಳ ಮಗು ಪಕ್ಕ ಇಟ್ಟು, ಅದರಲ್ಲಿ ಬಂತು ಇದರಲ್ಲಿ ಬರ್ಲಿಲ್ಲ ಅಂತ ನನ್ನ ಮುಖಕ್ಕೇ ಯಾಕೆ ಹೇಳಿದ್ರಿ?"

ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ತಪ್ಪಾಯಿತು ಎಂದರು. ಹೊಸ ನರ್ಸಿಗೆ ಮಕ್ಕಳ ಗುರುತು ಹಚ್ಚುವುದನ್ನು ಹೇಳಿಕೊಡದೆ ಕಳಿಸಿದ್ದೂ ತಮ್ಮದೇ ತಪ್ಪು ಎಂದರು. ಆಮೇಲೆ, "ಬಸುರಿದ್ದಾಗ ನಿಮಗೂ ಜ್ವರ ಬಂದಿರ್ಲಿಲ್ಲಮ್ಮ. ಮಾಸಿನಲ್ಲಿ ಅಡಗಿದ್ರೆ ತಾಯಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ. ನೀವೇನು ಮಾಡೋಕಾಗ್ತಿತ್ತು?" ಎಂದರು.

ಇದನ್ನು ಜುಲೈಯಲ್ಲಿ ಹೇಳಲು ಏನಾಗಿತ್ತು ಇವರಿಗೆ? ಆಗ ಅದೃಷ್ಟ ಎಂಬ ಮಾತು ಬಾಯಿಗೆ ಬಂತು, ಇದು ಬರಲಿಲ್ಲ.

ಪುಟ್ಟಿ ಯಾವತ್ತಾದರೂ ಎಬ್ಬಿಸುವುದನ್ನು ಕಲಿಯುತ್ತಾಳೆಯೇ ಎಂದು ಕೇಳಿದೆ. ಪಕ್ಕದ ವಾರ್ಡಿನಲ್ಲಿ ಒಂದು ಮಗು ಇದೆಯಂತೆ, ಅದರ ಮೈಯಲ್ಲಿ ಎಬ್ಬಿಸುವುದೇ ಅತಿಯಾಗಿ, ಫಿಟ್ಸ್ ಬಂದು ಎಚ್ಚರ ತಪ್ಪಿ ಮಲಗಿದೆ. "ಕೂಗೂ ಬೇಕು, ಸುಮ್ಮನಿರಿಸೋದೂ ಬೇಕು. ಹದ ಬೇಕು. ವರ್ಷ ತುಂಬಿದ ಮೇಲೆ ಕೆಲವು ಮಕ್ಕಳಿಗೆ ಆ ಹದ ಬರುತ್ತೆ. ಬರ್ದೇನೂ ಇರಬಹುದು, ಸುಳ್ಳು ಭರವಸೆ ಕೊಡಲ್ಲ. ಅಲ್ಲೀವರೆಗೆ ಬುಧವಾರ ತಪ್ಪಿಸಬೇಡಿ" ಎಂದರು.

ಸುಳ್ಳು ಭರವಸೆ ಕೊಟ್ಟಿದ್ದರೂ ಒಂದು ದಿನ ತೆಗೆದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ೨೬, ಮಂಗಳವಾರ

ನಾಳೆ ಚುಚ್ಚುವ ದಿನ. ಮಾಲೀಕ ರಜೆ ಕೊಡುವುದಿಲ್ಲ ಎನ್ನುತ್ತಾನೆ. ಕತ್ತರಿ ಎಸೆದು ಹೋಗುತ್ತೇನೆ ಎಂದೆ. ಹೋಗು ಎಂದ. ಹೋಗಲಿಲ್ಲ. ಇವರು ಯಾರದೋ ತೋಟದ ಪಂಪಿಗೆ ಹೋಗಬೇಕು. ಅತ್ತೆಗೆ ಕಣ್ಣು ಮಂಜು, ಗೆರೆ ಒಂದೋ ಎರಡೋ ಗೊತ್ತಾಗುವುದಿಲ್ಲ.

ಉಳಿದವಳು ಅವಳೊಬ್ಬಳೇ. ಅತ್ತೆಯ ಮೂಲಕ ಹೇಳಿ ಕಳಿಸಿದೆ: "ಪುಟ್ಟಿಯನ್ನೇ ಕೊಡಬೇಕಂತೆ, ಬೇರೆ ಯಾರನ್ನೂ ಅಲ್ಲ ಅಂತ ಹೇಳಿ."

ಸೆಪ್ಟೆಂಬರ್ ೨೭, ಬುಧವಾರ

ಬೆಳಗಿನಿಂದ ಮೂರು ಸಲ ಹೊಲಿಗೆ ತಪ್ಪಿ ಬಿಚ್ಚಿದೆ. ಹನ್ನೊಂದರ ಹೊತ್ತಿಗೆ ಫೋನ್ ಗುಂಯ್‌ಗುಟ್ಟಿತು. ಅವಳಿಂದ ಫೋಟೊ. ಪುಟ್ಟಿಯ ಮುಖ, ಎತ್ತಿ ಹಿಡಿದ ಬೆರಳು, ಬೆರಳ ಮೇಲೆ ಒಂದು ಹನಿ ರಕ್ತ. ಇನ್ನೊಂದರಲ್ಲಿ ಪಟ್ಟಿ, ಒಂದೇ ಗೆರೆ, ಹಿಂದೆ ಪುಟ್ಟಿಯ ಕಾಲು. ಕಾಲಿನ ಮಚ್ಚೆ ಕಾಣುವ ಹಾಗೆ ಹಿಡಿದಿದ್ದಾಳೆ, ಅದು ಬೇರೆ ಮಗುವಲ್ಲ ಎಂದು ನನಗೆ ತಿಳಿಯಲಿ ಅಂತ. ಏನೂ ಬರೆದಿರಲಿಲ್ಲ.

ಅಕ್ಟೋಬರ್ ೨೫, ಬುಧವಾರ

ಫೋಟೊ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಊಟ ಸೇರಲಿಲ್ಲ. ಇವಳಿಗೆ ಒಂದು ಜವಾಬ್ದಾರಿ ಬೇಡವೇ? ಸಂಜೆ ಓಡುತ್ತಾ ಹೋದೆ. ಅತ್ತೆ ಹೇಳಿದರು, ಚುಚ್ಚಿ ಆಯಿತು, ಏನೂ ಇಲ್ಲ, ಗುಂಡಮ್ಮ ಫೋನನ್ನು ಬಕೆಟಿಗೆ ಹಾಕಿದಳು ಎಂದು.

ಅದರ ತಾಯಿ, ಮನೆಯ ಚಿಕ್ಕವಳು, ಪರದೆಯ ಅಂಚಿನಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. ನಾನು ಫೋನನ್ನು ಬಿಚ್ಚಿ, ಒರೆಸಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ನೆಲ ಥಂಡಿಯಾಗಿದೆ ಎಂದು ಅತ್ತೆಯ ಚಾಪೆಯನ್ನು ಅಡುಗೆಮನೆಯಿಂದ ತಂದು ಮೊದಲಿನ ಜಾಗದಲ್ಲೇ ಹಾಸಿದೆ. ಪರದೆ ಅಡ್ಡ ಬರುತ್ತಿತ್ತು, ಅರ್ಧಕ್ಕೆ ಸರಿಸಿದೆ. ಈ ಮನೆಯಲ್ಲಿ ಒಂದು ಚಾಪೆ ಹಾಸಲೂ ಜಾಗವಿಲ್ಲ.

ನವೆಂಬರ್ ೨೨, ಬುಧವಾರ

ಒಂದೇ ಗೆರೆ. ಪುಟ್ಟಿ ಗೋಡೆ ಹಿಡಿದು ನಿಂತಳು. ಗುಂಡಮ್ಮ ಹಿಂದಿನಿಂದ ತಳ್ಳಿ ಬೀಳಿಸಿದಳು. ನಮ್ಮ ಗುಂಡಮ್ಮನಷ್ಟು ಪೋಕರಿ ಈ ಬೀದಿಯಲ್ಲಿ ಇನ್ನೊಂದಿಲ್ಲ.

ಡಿಸೆಂಬರ್ ೩, ಭಾನುವಾರ

ಬೆಳಿಗ್ಗೆ ಪುಟ್ಟಿ ಕಿರುಚುತ್ತಾ ಎದ್ದಳು. ಮೈ ಮುಟ್ಟಿದರೆ ಕೆಂಡ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ, ನೂರಾಮೂರು. ಮತ್ತೊಮ್ಮೆ ಇಟ್ಟೆ, ಅಷ್ಟೇ. ಕಾಲು ಝಾಡಿಸುತ್ತಾ, ಮುಖ ಕೆಂಪು ಮಾಡಿಕೊಂಡು, ನನ್ನ ಕೂದಲು ಹಿಡಿದು ಎಳೆಯುತ್ತಾ ಅರಚುತ್ತಿದ್ದಳು. ನನಗೆ ನಗು ಬಂತು. ತಡೆಯಲು ಆಗಲೇ ಇಲ್ಲ.

"ತಲೆ ಕೆಟ್ಟಿದೆಯಾ ನಿನಗೆ? ಮಗು ಸುಡ್ತಾ ಇದೆ, ನಗ್ತಿದೀಯ" ಎಂದು ಇವರು ಕೂಗಿದರು. ಅತ್ತೆ ಒದ್ದೆ ಬಟ್ಟೆ ತರಲು ಓಡಿದರು. ಇವರಿಗೆಲ್ಲ ಯಾರು ಬಿಡಿಸಿ ಹೇಳುತ್ತಾ ಕೂರಬೇಕು? ಈ ಮನೆಯಲ್ಲಿ ಇದನ್ನು ಹೇಳದೆ ಅರ್ಥ ಮಾಡಿಕೊಳ್ಳುವವಳು ಒಬ್ಬಳೇ.

ಪರದೆ ಎಳೆದೆ. ಅವಳು ಆಗಲೇ ಎದ್ದು ನಿಂತಿದ್ದಳು.

"ಬಾರೇ, ಮುಟ್ಟಿ ನೋಡು" ಎಂದೆ.

ಅವಳು ಹೆದರುತ್ತಾ ಬಂದು ಹಣೆಯ ಮೇಲೆ ಅಂಗೈ ಇಟ್ಟಳು. ಒಂದು ಕ್ಷಣ ನನ್ನ ಮುಖ ನೋಡಿದಳು. "ಜ್ವರ ಬಂದಿದೆ ಅಕ್ಕ" ಎಂದು ಅಳುವುದಕ್ಕೆ ಶುರು ಮಾಡಿದಳು. ಹೌದು ಕಣೇ, ಬಂದಿದೆ, ಬೇಗ ಚಪ್ಪಲಿ ಮೆಟ್ಟಿಕೋ ಎಂದೆ.

ಗುಂಡಮ್ಮನನ್ನು ಅತ್ತೆಗೆ ಕೊಟ್ಟು ಇಬ್ಬರೂ ಆಸ್ಪತ್ರೆಗೆ ಓಡಿದೆವು. ಭಾನುವಾರವಾದ್ದರಿಂದ ಒಬ್ಬಳೇ ನರ್ಸ್, ಅದೇ ಸೂಜಿಯಕ್ಕ. ಮಗುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಳು. ಪುಟ್ಟಿಯನ್ನು ಎತ್ತಿ ತಂಗಿಯ ಮಡಿಲಿಗೆ ಹಾಕಿದೆ.

"ನಾನಾ ಅಕ್ಕ?" ಎಂದಳು.

"ನೀನೇ ಹಿಡಿ."

ಹಿಡಿದಳು. ಸೂಜಿ ಚುಚ್ಚಿತು. ಎರಡು ಗೆರೆ, ಎರಡನೆಯದು ಕಂಡೂ ಕಾಣದಷ್ಟು ತೆಳು. ಆಮೇಲೆ ರಕ್ತವನ್ನು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೂ ಕ್ರಿಮಿ ಅಲ್ಲೊಂದು ಇಲ್ಲೊಂದು ಅಷ್ಟೇ, ರಕ್ತ ಇಳಿದಿಲ್ಲ, ಒಳ್ಳೆ ಹೊತ್ತಿಗೆ ಬಂದಿರಿ ಎಂದರು. ಆದರೆ ಅದಕ್ಕೂ ಮೊದಲು, ಸೂಜಿ ತಾಗಿದ ಕೂಡಲೇ, ಪುಟ್ಟಿ ಬಾಯಿ ತೆರೆದು ಇಡೀ ಆಸ್ಪತ್ರೆಗೆ ಕೇಳುವಂತೆ ಅರಚಿದಳು. ಪಕ್ಕದ ಕೋಣೆಯಿಂದ ಯಾರೋ, ಆ ಮಗುವನ್ನ ಸ್ವಲ್ಪ ಸುಮ್ಮನಿರಿಸ್ರಮ್ಮ ಎಂದು ಕೂಗಿದರು. ನಾವಿಬ್ಬರೂ ಸುಮ್ಮನಿರಿಸಲು ಹೋಗಲಿಲ್ಲ.